ಬಿಂದು ಎಣಿಸುವ ನಿಯಮ ಬಚ್ಚಿಟ್ಟು ದಶಮಾಂಶ ಗುಣಾಕಾರ ಕಲಿಸಿದೆ: ನನ್ನ ಅನುಭವ

ನನ್ನ ಆರನೇ ತರಗತಿಯ ಮಕ್ಕಳು ಈಗ 3.7 × 4.2 ಲೆಕ್ಕಕ್ಕೆ 155.4 ಅಂತ ಬರೆದು ಸುಮ್ನೆ ಮುಂದಕ್ಕೆ ಹೋಗುವುದಿಲ್ಲ. ಯಾರಾದರೂ ಬರೆದರೆ ಪಕ್ಕದಲ್ಲಿ ಕೂತ ಮಗುವೇ ಕೇಳುತ್ತದೆ, ‘ನಾಲ್ಕು ನಾಲ್ಕಲಿ ಹದಿನಾರು, ನೂರೈವತ್ತೈದು ಎಲ್ಲಿಂದ ಬಂತು?’ ಅಂತ. ಈ ಒಂದು ಪ್ರಶ್ನೆ ಮಕ್ಕಳ ಬಾಯಿಂದ ತಾನಾಗಿ ಬರಲಿ ಅಂತ ನಾನು ಕೆಲವು ವರ್ಷ ಒದ್ದಾಡಿದ್ದೇನೆ.

ಕೊನೆಗೆ ಕೆಲಸ ಮಾಡಿದ್ದು ಇದು: ದಶಮಾಂಶ ಸ್ಥಾನ ಎಣಿಸಿ ಬಿಂದು ಇಡುವ ನಿಯಮವನ್ನು (ಎರಡೂ ಸಂಖ್ಯೆಗಳಲ್ಲಿ ಬಿಂದುವಿನ ಆಚೆ ಒಟ್ಟು ಎಷ್ಟು ಅಂಕಿ ಇವೆಯೋ, ಉತ್ತರದಲ್ಲೂ ಅಷ್ಟೇ) ಒಂದು ತಿಂಗಳಿಗೂ ಜಾಸ್ತಿ ಮಕ್ಕಳಿಗೆ ಹೇಳಲೇ ಇಲ್ಲ. ಅಂದಾಜಿನಿಂದ ಮಾತ್ರ ಬಿಂದು ಇಡಿಸಿದೆ. ಜೊತೆಗೆ ಕೆಲಸ ಮಾಡುವವರಿಗೆ ಇದು ಸರಿ ಕಾಣಲಿಲ್ಲ. ‘ಒಂದೇ ಸಾಲಿನ ನಿಯಮ, ಒಂದು ಪೀರಿಯಡ್‌ನಲ್ಲಿ ಮುಗಿಯುತ್ತೆ, ಅದಕ್ಕೆ ಒಂದು ತಿಂಗಳಾ?’ ಅಂದರು. ಅಂದಾಜು ಪರೀಕ್ಷೆಯಲ್ಲಿ ಬರಲ್ಲ ಅಂದವರೂ ಇದ್ದರು.

ನಿಯಮ ಒಂದು ಪೀರಿಯಡ್‌ನಲ್ಲಿ ಮುಗಿಯುತ್ತದೆ, ನಿಜ. ಎರಡು ವಾರ ಬಿಟ್ಟು ನೋಡಿ, ಮಕ್ಕಳ ತಲೆಯಿಂದಲೂ ಮುಗಿದಿರುತ್ತದೆ. ಕೂಡುವಾಗ ಬಿಂದುವಿನ ಕೆಳಗೆ ಬಿಂದು ಬರೆದು ನೇರ ಕೆಳಗೆ ಇಳಿಸುತ್ತೇವೆ, ಅಲ್ವಾ? ಅದೇ ಅಭ್ಯಾಸ ಗುಣಾಕಾರಕ್ಕೂ ಬರುತ್ತದೆ. ಆ 155.4 ಹುಟ್ಟುವುದು ಅಲ್ಲೇ. ಇನ್ನು 0.5 × 0.4 ಕೊಟ್ಟರೆ ಇನ್ನೊಂದು ಕಥೆ. ಐದು ನಾಲ್ಕಲಿ ಇಪ್ಪತ್ತು. ಕೊನೆಯ ಸೊನ್ನೆ ಬೇಡ ಅಂತ ಮೊದಲೇ ಹೊಡೆದುಹಾಕಿ, ಆಮೇಲೆ ಎರಡು ಸ್ಥಾನ ಎಣಿಸಿ 0.02 ಅಂತ ಬರೆಯುತ್ತಾರೆ. ನಿಯಮ ಪಾಲಿಸಿದ ಮಗುವೇ ಇಲ್ಲಿ ತಪ್ಪಿಗೆ ಬೀಳುತ್ತದೆ. ತನ್ನ ಉತ್ತರ ತಪ್ಪು ಅನ್ನುವ ಸಣ್ಣ ಅನುಮಾನವೂ ಅದಕ್ಕೆ ಬರುವುದಿಲ್ಲ. ನನ್ನನ್ನು ಕಾಡಿದ್ದು ಈ ಅನುಮಾನ ಬಾರದಿರುವುದೇ.

ಇದಕ್ಕೂ ಮೊದಲು ಏನೇನು ಕೈಕೊಟ್ಟಿತು ಅಂತ ಹೇಳುತ್ತೇನೆ. ಅದರಲ್ಲಿ ದುಡ್ಡಿನ ವಿಷಯವೂ ಇದೆ.

ಮೊದಲನೆಯದು ನೂರು ಮನೆಯ ಚೌಕದ ಕಾರ್ಡುಗಳು. ಬಣ್ಣದ ಪ್ರಿಂಟ್, ದಪ್ಪ ಕಾಗದ, ಮೇಲೆ ಲ್ಯಾಮಿನೇಷನ್. ಆ ವರ್ಷ ಸಾಮಗ್ರಿಗೆ ಅಂತ ನಾನು ಕೈಯಿಂದ ಹಾಕಿದ ದುಡ್ಡಿನಲ್ಲಿ ಮುಕ್ಕಾಲು ಭಾಗ ಇದಕ್ಕೇ ಹೋಯಿತು. 0.3 × 0.2 ತೋರಿಸಲು ಇದಕ್ಕಿಂತ ಒಳ್ಳೆಯ ಸಾಧನ ಇಲ್ಲ. ಮೂರು ಸಾಲು, ಎರಡು ಕಂಬ, ನೂರರಲ್ಲಿ ಆರು ಮನೆ, 0.06. ಮಕ್ಕಳು ಒಪ್ಪುತ್ತಾರೆ. ಆದರೆ 3.7 × 4.2 ತೋರಿಸಬೇಕಾದರೆ ಅಂಥ ಇಪ್ಪತ್ತು ಕಾರ್ಡು ಜೋಡಿಸಬೇಕು. ಬಣ್ಣ ಹಾಕಬೇಕಾದ ಪುಟ್ಟ ಮನೆಗಳು 1554! ಯಾವ ಮಗು ಎಣಿಸುತ್ತದೆ? ಈಗ ಲೆಕ್ಕದ ಚೌಕುಳಿ ಪುಸ್ತಕದಲ್ಲೇ ಹತ್ತಕ್ಕೆ ಹತ್ತು ಗೆರೆ ಎಳೆಸುತ್ತೇನೆ. ಅಷ್ಟೇ ಕೆಲಸ ಆಗುತ್ತದೆ, ಖರ್ಚು ಏನೂ ಇಲ್ಲ.

ಎರಡನೆಯದು ಒಂದು ಆ್ಯಪ್. ವರ್ಷದ ಚಂದಾ ಕಟ್ಟಿದ್ದೆ. ಮಕ್ಕಳು ಚಕಚಕ ಅಂತ ಸರಿ ಉತ್ತರ ಒತ್ತುತ್ತಿದ್ದರು, ನಕ್ಷತ್ರ ಸಿಗುತ್ತಿತ್ತು. ಅದೇ ಲೆಕ್ಕ ಬೋರ್ಡಿನ ಮೇಲೆ ಬರೆದರೆ ಮತ್ತೆ 155.4. ನಾಲ್ಕು ಆಯ್ಕೆಯಲ್ಲಿ ಒಂದನ್ನು ಒತ್ತುವುದನ್ನು ಅವರು ಚೆನ್ನಾಗಿ ಕಲಿತಿದ್ದರು, ಅಷ್ಟೇ. ಮುಂದಿನ ವರ್ಷ ಚಂದಾ ನಿಲ್ಲಿಸಿದೆ.

ಮೂರನೆಯದು ‘ಹತ್ತಿರದ ಪೂರ್ಣಸಂಖ್ಯೆಗೆ ತನ್ನಿ, ಆಮೇಲೆ ಗುಣಿಸಿ’ ಅನ್ನುವ ಮಾಮೂಲಿ ಅಂದಾಜು ಪಾಠ. ಇದು ಎರಡು ಕಡೆ ಒಡೆಯುತ್ತದೆ. 0.4 × 6.3 ಬಂದರೆ 0.4 ಹೋಗಿ ಸೊನ್ನೆ ಆಗುತ್ತದೆ, ಉತ್ತರವೂ ಸೊನ್ನೆ. ಒಮ್ಮೆ ಹೀಗಾದರೆ ಸಾಕು, ಅಂದಾಜಿನ ಮೇಲೆಯೇ ಮಕ್ಕಳಿಗೆ ನಂಬಿಕೆ ಹೋಗುತ್ತದೆ. ಇನ್ನೊಂದು ಕಳ್ಳದಾರಿ ನಿಮಗೆಲ್ಲ ಗೊತ್ತಿರುವುದೇ: ಮೊದಲು ಪೂರ್ತಿ ಗುಣಿಸಿ 15.54 ತರುತ್ತಾರೆ, ಆಮೇಲೆ ಅದನ್ನು 16 ಮಾಡಿ ‘ಅಂದಾಜು’ ಅಂತ ಮೇಲೆ ಬರೆಯುತ್ತಾರೆ.

ಈ ಕಳ್ಳದಾರಿ ಮುಚ್ಚಲು ಹೋಗಿಯೇ ನನಗೆ ದಾರಿ ಸಿಕ್ಕಿತು. ಗುಣಿಸುವ ಕೆಲಸವನ್ನು ಮಕ್ಕಳಿಂದ ಕಿತ್ತುಕೊಂಡೆ. ಬೋರ್ಡಿನ ಮೇಲೆ ‘3.7 × 4.2 → 1554’ ಅಂತ ಬರೆದೆ. ಅಂಕಿಗಳು ಸರಿ ಇವೆ, ಬಿಂದು ಬಿದ್ದುಹೋಗಿದೆ, ಎಲ್ಲಿತ್ತು ಹೇಳಿ. ಮೂರು ನಾಲ್ಕಲಿ ಹನ್ನೆರಡು, ನಾಲ್ಕು ಐದಲಿ ಇಪ್ಪತ್ತು. ಉತ್ತರ ಈ ಎರಡರ ನಡುವೆ ಇರಬೇಕು. 1.554 ಆಗಲ್ಲ, 155.4 ಆಗಲ್ಲ. ಉಳಿದಿದ್ದು 15.54. ಮೊದಲ ವಾರ ಇಂಥವೇ: 8.1 × 6.9 → 5589, 12.3 × 2.8 → 3444. ಒಂದು ಪೀರಿಯಡ್‌ನಲ್ಲಿ ಇಪ್ಪತ್ತಕ್ಕೂ ಜಾಸ್ತಿ ಲೆಕ್ಕ ಆಗುತ್ತಿದ್ದವು, ಯಾಕೆಂದರೆ ಗುಣಿಸುವ ಹೊರೆ ಇಲ್ಲ. ಮಗ್ಗಿ ತಡವರಿಸುವ ಮಕ್ಕಳೂ ಕೈ ಎತ್ತಿದರು. ಅವರು ಲೆಕ್ಕದ ತರಗತಿಯಲ್ಲಿ ಕೈ ಎತ್ತಿದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

ಅಂದಾಜನ್ನು ಪೆನ್ನಿನಲ್ಲಿ ಬರೆಸಿ. ಇದು ಚಿಕ್ಕ ವಿಷಯ ಅನ್ನಿಸಬಹುದು, ಆದರೆ ಪೆನ್ಸಿಲ್ ಕೊಟ್ಟರೆ ಆಮೇಲೆ ಅಳಿಸಿ ತಿದ್ದುತ್ತಾರೆ. ಅಂದಾಜಿಗೆ ಅರ್ಧ ಅಂಕ ಬೇರೆ ಇಟ್ಟಿದ್ದೆ. ಕೊನೆಯ ಉತ್ತರ ತಪ್ಪಾದರೂ ಆ ಅರ್ಧ ಅಂಕ ಸಿಗುತ್ತದೆ.

ನಿಜವಾದ ಆಟ ಶುರುವಾಗುವುದು ನಿಯಮ ಮೊದಲೇ ಗೊತ್ತಿರುವ ಮಕ್ಕಳ ಜೊತೆ. ಮನೆಯಲ್ಲಿ ಅಕ್ಕನೋ ಅಣ್ಣನೋ ಹೇಳಿಕೊಟ್ಟಿರುತ್ತಾರೆ. ಅವರು ಅಂದಾಜು ಮಾಡದೆ ಎಣಿಸಿ ಬಿಂದು ಇಡುತ್ತಾರೆ. ಅವರಿಗಾಗಿ ‘2.4 × 1.5 → 36’ ಕೊಟ್ಟೆ. ಎಣಿಸಿದವರು 0.36 ಅಂದರು. ಉಳಿದವರು ಒಪ್ಪಲಿಲ್ಲ. ಒಂದರಿಂದ ಗುಣಿಸಿದರೇ 2.4 ಬರುತ್ತೆ, ಒಂದೂವರೆಯಿಂದ ಗುಣಿಸಿದರೆ ಅದಕ್ಕಿಂತ ಕಡಿಮೆ ಹೇಗೆ? ಸರಿ ಉತ್ತರ 3.6. ಆಮೇಲೆ 24 × 15 ಪೂರ್ತಿ ಮಾಡಿ ನೋಡಿದಾಗ 360 ಬಂತು. ಕೊನೆಯ ಸೊನ್ನೆಯನ್ನು ನಾನು ಬರೆದಿರಲಿಲ್ಲ. 21.4 × 3.05 → 6527 ಕೂಡ ಹಾಗೆಯೇ. ಎಣಿಸಿದರೆ 6.527, ಅಂದಾಜು ಮಾಡಿದರೆ ಅರವತ್ತರ ಮೇಲೆ, ಅಂದರೆ 65.27. ನನಗೆ ತುಂಬ ಇಷ್ಟವಾದದ್ದು 12.5 × 0.64 → 8. ಎಣಿಸುವವರು 0.008 ಅನ್ನುತ್ತಾರೆ. ಹನ್ನೆರಡರ ಅರ್ಧವೇ ಆರು, ಹಾಗಾಗಿ ಉತ್ತರ ಎಂಟೇ. ಬಿಂದುವೇ ಬೇಡ!

ಎಷ್ಟು ಸಾದಾ ಲೆಕ್ಕಕ್ಕೆ ಇಂಥದ್ದು ಒಂದು ಹಾಕಬೇಕು, ಯಾವ ಹಂತದಲ್ಲಿ ಹಾಕಬೇಕು ಅನ್ನುವುದಕ್ಕೆ ನನ್ನದೇ ಒಂದು ಕ್ರಮ ಇದೆ. ಅದನ್ನು ಹೊಂದಿಸಲು ಬಹಳ ಸಮಯ ಹಿಡಿದಿದೆ, ಅದು ನನ್ನ ಹತ್ತಿರವೇ ಇರಲಿ. ಒಂದು ಮಾತ್ರ ಹೇಳುತ್ತೇನೆ: ಮೊದಲ ವಾರ ಬೇಡ.

ಎಲ್ಲರೂ ಮುಗ್ಗರಿಸುವುದು ಒಂದಕ್ಕಿಂತ ಚಿಕ್ಕ ಸಂಖ್ಯೆ ಬಂದಾಗ. ಗುಣಿಸಿದರೆ ಜಾಸ್ತಿ ಆಗಲೇಬೇಕು ಅನ್ನುವುದು ಎರಡನೇ ತರಗತಿಯಿಂದ ತಲೆಯಲ್ಲಿ ಕೂತ ಮಾತು, ಬಾಯಲ್ಲಿ ಹೇಳಿದರೆ ಹೋಗುವುದಿಲ್ಲ. ಇಲ್ಲಿ ನಾನು ಆತುರ ಮಾಡಲಿಲ್ಲ. 48 × 2, 48 × 1, 48 × 0.5, 48 × 0.1 ಅಂತ ಒಂದರ ಕೆಳಗೊಂದು ಬರೆದು 96, 48, 24, 4.8 ಇಳಿಯುವುದನ್ನು ನೋಡಲು ಬಿಟ್ಟೆ. ಆಮೇಲೆ ಸುಮಾರು ಒಂದು ವಾರ ಲೆಕ್ಕವೇ ಇಲ್ಲ, ಒಂದೇ ಪ್ರಶ್ನೆ: 48 × 0.9, ಇದು 48ಕ್ಕಿಂತ ಜಾಸ್ತಿಯೋ ಕಡಿಮೆಯೋ? 48 × 1.1? 0.3 × 0.2, ಇದು 0.2ಕ್ಕಿಂತ ಜಾಸ್ತಿಯೋ ಕಡಿಮೆಯೋ? ಈ ಕೊನೆಯದನ್ನು ಸರಿಯಾಗಿ ಹೇಳಿದ ಮಗು 0.6 ಅಂತ ಮತ್ತೆ ಬರೆಯುವುದಿಲ್ಲ.

ಅದಾದ ಮೇಲೆ ಪೂರ್ಣಸಂಖ್ಯೆಗೆ ತರುವ ಪದ್ಧತಿ ಬಿಟ್ಟೆವು. ಅದರ ಬದಲು ನಾಲ್ಕು ನಿಲ್ದಾಣ: ಹತ್ತನೇ ಒಂದು, ಕಾಲು, ಅರ್ಧ, ಒಂದು. ಯಾವ ಸಂಖ್ಯೆ ಬಂದರೂ ಇದರಲ್ಲಿ ಯಾವುದಕ್ಕೆ ಹತ್ತಿರ ಅಂತ ನೋಡಬೇಕು. 0.26 × 8.4 → 2184. ಕಾಲಿಗೆ ಹತ್ತಿರ, 8.4ರ ಕಾಲು 2.1, ಆದ್ದರಿಂದ 2.184. 0.48 × 0.36 → 1728. 0.36ರ ಅರ್ಧ 0.18, ಆದ್ದರಿಂದ 0.1728. ಪೂರ್ಣಸಂಖ್ಯೆಗೆ ತರುತ್ತಿದ್ದರೆ ಇದು ಸೊನ್ನೆಗೆ ಸೊನ್ನೆ ಆಗುತ್ತಿತ್ತು. ಜೋರಾಗಿರುವವರಿಗೆ 19.6 × 0.051 → 9996 ಕೊಡಿ. 0.051 ಅಂದರೆ ಹೆಚ್ಚುಕಡಿಮೆ ಹತ್ತನೇ ಒಂದರ ಅರ್ಧ. ಇಪ್ಪತ್ತರ ಹತ್ತನೇ ಒಂದು ಎರಡು, ಅದರ ಅರ್ಧ ಒಂದು. ಉತ್ತರ 0.9996. ಇದನ್ನು ಬಿಡಿಸಿದ ದಿನ ತರಗತಿಯಲ್ಲಿ ಚಪ್ಪಾಳೆ ಬಿತ್ತು.

0.07 × 0.04 ತರಹದ್ದಕ್ಕೆ ಈ ನಿಲ್ದಾಣಗಳು ಅಷ್ಟು ಕೆಲಸ ಮಾಡಲ್ಲ. ಅಲ್ಲಿ ಭಿನ್ನರಾಶಿಯೇ ಸರಿ. ನೂರನೇ ಏಳು, ನೂರನೇ ನಾಲ್ಕು, ಗುಣಿಸಿದರೆ ಹತ್ತು ಸಾವಿರದಲ್ಲಿ 28, ಅಂದರೆ 0.0028.

ನಡುವೆ ಒಂದು ಪಕ್ಕದ ಪ್ರಯೋಗ ನಡೆಯಿತು. 3.5 × 6.5ಕ್ಕೆ ಯಾರ ಅಂದಾಜು ಹತ್ತಿರ ಅಂತ ಪೈಪೋಟಿ. ಎರಡನ್ನೂ ಮೇಲಕ್ಕೆ ಏರಿಸಿದವರಿಗೆ 28. ಒಂದನ್ನು ಏರಿಸಿ ಇನ್ನೊಂದನ್ನು ಇಳಿಸಿದವರಿಗೆ 24 ಅಥವಾ 21. ಸರಿ ಉತ್ತರ 22.75. ಒಂದು ಮಗು 24 ಮತ್ತು 21ರ ನಡುವಿನದನ್ನು ತೆಗೆದುಕೊಂಡು 22.5 ಅಂತ ಹೇಳಿತು. 4.5 × 8.5ಕ್ಕೂ ಮಾಡಿ ನೋಡಿದೆವು. 40 ಮತ್ತು 36ರ ನಡುವೆ 38, ಸರಿ ಉತ್ತರ 38.25. ಅರ್ಧದಲ್ಲಿ ಮುಗಿಯುವ ಯಾವ ಎರಡು ಸಂಖ್ಯೆ ತೆಗೆದುಕೊಂಡರೂ ಕೊರತೆ ಬರೋದು ಸರಿಯಾಗಿ 0.25. ಯಾಕೆ ಅಂತ ಬೀಜಗಣಿತದ ಪಾಠಕ್ಕೆ ಬಂದಾಗ ನೋಡೋಣ ಅಂದಿದ್ದೇನೆ. ಮಕ್ಕಳು ಮರೆತಿಲ್ಲ, ಈಗಲೂ ಕೇಳುತ್ತಾರೆ.

ಇನ್ನೊಂದು ಪ್ರಯೋಗ ಸ್ಲೈಡ್ ರೂಲ್, ಅಂದರೆ ಅಂಕಿ ಗುರುತು ಹಾಕಿದ ಒಂದು ಪಟ್ಟಿಯನ್ನು ಇನ್ನೊಂದರ ಪಕ್ಕ ಜಾರಿಸಿ ಗುಣಾಕಾರದ ಉತ್ತರ ಓದುವ ಸಾಧನ. 17ನೇ ಶತಮಾನದಲ್ಲಿ ಹುಟ್ಟಿದ ಈ ಸಾಧನವನ್ನು, 1970ರ ದಶಕದಲ್ಲಿ ಜೇಬಿನ ಕ್ಯಾಲ್ಕುಲೇಟರ್ ಬರುವವರೆಗೂ ಎಂಜಿನಿಯರುಗಳು ಬಳಸಿದರು. ಅದು ಅಂಕಿಗಳನ್ನು ಮಾತ್ರ ಕೊಡುತ್ತದೆ, ಬಿಂದು ಎಲ್ಲಿ ಅಂತ ಹೇಳುವುದಿಲ್ಲ. ಅದನ್ನು ಅಂದಾಜಿನಿಂದ ನಾವೇ ಇಡಬೇಕು. ನನ್ನ ಪದ್ಧತಿಯನ್ನು ಅನುಮಾನಿಸಿದವರಿಗೆ ನಾನು ಕೊಟ್ಟ ಉತ್ತರ ಇದೇ: ಬಿಂದು ಎಣಿಸದೆಯೇ ಮುನ್ನೂರು ವರ್ಷ ಸೇತುವೆ, ಯಂತ್ರ ಎಲ್ಲವನ್ನೂ ಕಟ್ಟಿದ್ದಾರೆ. ರಟ್ಟಿನ ಎರಡು ಪಟ್ಟಿಯಲ್ಲಿ ಮಾಡಿಸಿದೆ. 25 ಸೆಂಟಿಮೀಟರ್ ಉದ್ದ, 1 ತುದಿಯಲ್ಲಿ, 2 ಸುಮಾರು 7.5ರಲ್ಲಿ, 3 ಸುಮಾರು 11.9ರಲ್ಲಿ, 5 ಸುಮಾರು 17.5ರಲ್ಲಿ. ಏಳೆಂಟು ಮಕ್ಕಳು ಹುಚ್ಚು ಹಿಡಿದವರಂತೆ ಮಾಡಿದರು. ಉಳಿದವರಿಗೆ ಗುರುತು ಹಾಕುವುದರಲ್ಲೇ ಪೀರಿಯಡ್ ಮುಗಿಯಿತು. ಇಡೀ ತರಗತಿಗೆ ಮಾಡಿಸಬೇಡಿ, ಆಸಕ್ತಿ ಇರುವವರಿಗೆ ಕೊಡಿ.

ಕೊನೆಗೆ ನಿಯಮ ಬಂತು. ಅದಕ್ಕೆ ಯುರೋಪಿನ ಗಣಿತಜ್ಞ ಸೈಮನ್ ಸ್ಟೆವಿನ್ 1585ರಲ್ಲಿ ದಶಮಾಂಶಕ್ಕೆ ಬಳಸಿದ ಬರವಣಿಗೆ ಹಿಡಿದುಕೊಂಡೆ. ಅವರು ಬಿಂದು ಇಡುತ್ತಿರಲಿಲ್ಲ. ಪ್ರತಿ ಅಂಕಿಯ ಪಕ್ಕ ಒಂದು ವೃತ್ತದಲ್ಲಿ ಅದರ ಸ್ಥಾನ ಬರೆಯುತ್ತಿದ್ದರು. ಪೂರ್ಣಭಾಗಕ್ಕೆ ಸೊನ್ನೆ, ಹತ್ತನೆಯದಕ್ಕೆ 1, ನೂರನೆಯದಕ್ಕೆ 2. ಅವರದೇ ಉದಾಹರಣೆ 32.57 × 89.46. ಎರಡರಲ್ಲೂ ಕೊನೆಯ ವೃತ್ತದಲ್ಲಿ 2, ಕೂಡಿದರೆ 4, ಹಾಗಾಗಿ ಉತ್ತರದ ಕೊನೆಯ ಅಂಕಿಗೆ ನಾಲ್ಕನೇ ಸ್ಥಾನ: 2913.7122. ಮಕ್ಕಳು ಮೊದಲು ಅಂದಾಜು ಮಾಡಿದ್ದರು, ಮೂವತ್ತು ತೊಂಬತ್ತಲಿ 2700. ಎರಡೂ ಹೊಂದಿದವು. ಬೋರ್ಡಿನ ಮೇಲಿದ್ದ ಹಳೆಯ ಲೆಕ್ಕಗಳ ಪಟ್ಟಿ ನೋಡಿ ಎಣಿಸುವ ನಿಯಮವನ್ನು ಅವರೇ ಹೇಳಿದರು. 36 ಮತ್ತು 8 ಯಾಕೆ ಹೊಂದಲಿಲ್ಲ ಅನ್ನುವುದನ್ನೂ ಅವರೇ ಹೇಳಿದರು. ನಿಯಮ ಕಲಿಸಲು ಬೇಕಾದದ್ದು ಒಂದೇ ಪೀರಿಯಡ್. ಆ ವಿಷಯದಲ್ಲಿ ನನ್ನ ಜೊತೆಯವರ ಮಾತು ಸರಿಯೇ.

ಫಲಿತಾಂಶ ನೆನಪಿನಿಂದ ಹೇಳುತ್ತೇನೆ. ಮೊದಲೆಲ್ಲ ನಲವತ್ತರ ತರಗತಿಯಲ್ಲಿ ಬಿಂದುವನ್ನು ಸರಿಯಾದ ಜಾಗದಲ್ಲಿ ಇಡುವವರು ಹತ್ತು ಹನ್ನೆರಡು ಮಂದಿ. ಈ ಸಲ ಮೂವತ್ತರ ಮೇಲೆ. ಉಳಿದವರ ತಪ್ಪುಗಳಲ್ಲೂ ಹೆಚ್ಚಿನವು ಮಗ್ಗಿಯ ತಪ್ಪು, ಬಿಂದುವಿನದಲ್ಲ. ಪಾಠ ಸುಮಾರು ಒಂದು ಅಧ್ಯಾಯದಷ್ಟು ಹಿಂದೆ ಬಿದ್ದಿತ್ತು. ಅದು ಶೇಕಡಾ ಪಾಠದಲ್ಲಿ ವಾಪಸ್ ಸಿಕ್ಕಿತು. 64ರ ಶೇಕಡಾ 15 ಕೇಳಿದರೆ ‘6.4ಕ್ಕಿಂತ ಜಾಸ್ತಿ, 16ಕ್ಕಿಂತ ಕಡಿಮೆ’ ಅಂತ ಮೊದಲು ಹೇಳಿ, ಆಮೇಲೆ 9.6 ಬರೆದರು. ಅಲ್ಲಿ ನಾನು ಹೊಸದಾಗಿ ಕಲಿಸಿದ್ದು ಬಹಳ ಕಡಿಮೆ. ‘ಒಂದು ತಿಂಗಳಾ?’ ಅಂತ ಕೇಳಿದವರೇ ಈಗ ನನ್ನ ಲೆಕ್ಕದ ಪಟ್ಟಿ ಒಯ್ದು ತಮ್ಮ ಸೆಕ್ಷನ್‌ನಲ್ಲಿ ಶುರು ಮಾಡಿದ್ದಾರೆ.

ಈಗ ಕೈ ಹಾಕಿರುವುದು ಭಾಗಾಕಾರಕ್ಕೆ. 7.2 ÷ 0.08 → 9 ಕೊಟ್ಟರೆ ಅರ್ಧ ತರಗತಿ 0.9 ಅನ್ನುತ್ತದೆ. 7.2ರಲ್ಲಿ ಹತ್ತನೇ ಒಂದು 72 ಸಲ ಇದೆ, 0.08 ಅದಕ್ಕಿಂತ ಚಿಕ್ಕದು, ಆದ್ದರಿಂದ ಉತ್ತರ 72ಕ್ಕಿಂತ ಜಾಸ್ತಿ, 90. ಈ ದಾರಿಯಲ್ಲಿ ಹೋಗುತ್ತಿದ್ದೇನೆ. ಇಲ್ಲಿ ಬಿಂದು ಇಡುವುದರ ಜೊತೆಗೆ ಸೊನ್ನೆಯನ್ನೂ ಮಕ್ಕಳೇ ಸೇರಿಸಬೇಕಾಗುತ್ತದೆ. ಅದಕ್ಕೆ ಬೇರೆಯೇ ಲೆಕ್ಕಗಳ ಪಟ್ಟಿ ಬೇಕು, ಅದನ್ನು ಮಾಡುತ್ತಿದ್ದೇನೆ.