ಆಲೆಮನೆಯವನ ಪ್ರಾರ್ಥನೆ

ಆಲೆಮನೆ ನಡೆಸುವವನ ಪ್ರಾರ್ಥನೆಗೂ ರಾಗಿ ಬಿತ್ತಿದವನ ಪ್ರಾರ್ಥನೆಗೂ ಹೊಂದಿಕೆಯಾಗುವುದು ಕಷ್ಟ. ಕೊಪ್ಪರಿಗೆಯ ಕೆಳಗೆ ಉರಿಯುವುದು ಒಣಗಿದ ಕಬ್ಬಿನ ಸಿಪ್ಪೆ. ಮಳೆ ಬಿದ್ದರೆ ಸಿಪ್ಪೆ ನೆನೆಯುತ್ತದೆ, ಒಲೆ ಬರೀ ಹೊಗೆ ಕಾರುತ್ತದೆ, ಅರೆದ ಕಬ್ಬಿನ ಹಾಲು ಹುಳಿಯುತ್ತದೆ, ಕೂಲಿಯವರು ಕೈಕಟ್ಟಿ ಕೂರುತ್ತಾರೆ. ಹಾಗಾಗಿ ‘ಪ್ರಭುವೇ, ಇನ್ನೊಂದು ವಾರ ಮೋಡ ತಡೆಯಿರಿ’ ಎಂಬ ಬೇಡಿಕೆ ನನ್ನ ಬಾಯಿಗೆ ಸಲೀಸಾಗಿ ಬರುತ್ತದೆ. ಬೇಲಿಯಾಚೆಯ ನೆರೆಯವರು ಅದೇ ಹೊತ್ತಿಗೆ ಮುಗಿಲು ನೋಡುತ್ತಿರುತ್ತಾರೆ. ಒಮ್ಮೆ ಅವರೇ ನಗುತ್ತಾ, “ಏನಣ್ಣ, ನಿಮ್ಮ ಸ್ವಾಮಿಗೆ ಹೇಳಿ ಒಂದು ಹದ ಮಳೆ ತರಿಸಿ” ಎಂದರು. ನಾನು ಅದೇ ಬೆಳಿಗ್ಗೆ ಅದೇ ಸ್ವಾಮಿಗೆ ತದ್ವಿರುದ್ಧ ಅರ್ಜಿ ಹಾಕಿ ಬಂದಿದ್ದೆ!

ಮಂಡ್ಯ ಸೀಮೆಯ ಕಥೋಲಿಕನಾದ ನನಗೆ ಸ್ವಾರ್ಥದ ಪ್ರಾರ್ಥನೆ ಯಾವುದು ಎಂಬ ಪ್ರಶ್ನೆ ಗಂಭೀರವಾದದ್ದು ಹೀಗೆ. ‘ನಿನ್ನಲ್ಲಿ ಸ್ವಾರ್ಥವಿದೆಯೇ’ ಎಂದು ಮನಸ್ಸನ್ನೇ ಕೇಳಿ ನೋಡಿದೆ. ಅದು ತನಗೆ ಬೇಕಾದಂತೆ ಸಾಕ್ಷಿ ಹೇಳುವುದರಲ್ಲಿ ನಿಸ್ಸೀಮ. ಬಿಟ್ಟು ಬೇರೆ ದಾರಿ ಹಿಡಿದೆ.

ಆ ದಾರಿ ಸಿಕ್ಕಿದ್ದು ಲೊಯೋಲಾದ ಸಂತ ಇಗ್ನೇಷಿಯಸರಿಂದ. ಅವರು ಕಟ್ಟಿದ ಯೇಸುಸಭೆಯ (ಜೆಸ್ವಿಟ್ ಸಂಘದ) ಗುರು ಲಿಯೊನಾರ್ಡೊ ಚಿನ್ನಾಮಿ 17ನೆಯ ಶತಮಾನದಲ್ಲೇ ನಮ್ಮ ಶ್ರೀರಂಗಪಟ್ಟಣಕ್ಕೆ ಬಂದು ಸೇವೆ ಮಾಡಿದವರು; ಹಾಗಾಗಿ ಇದು ನಮಗೆ ತೀರಾ ಪರಸ್ಥಳದ ಮಾತೇನಲ್ಲ. 1548ರಲ್ಲಿ ಅಚ್ಚಾದ ಇಗ್ನೇಷಿಯಸರ ಕೈಪಿಡಿಯಲ್ಲಿ ಆತ್ಮಪರೀಕ್ಷೆಗೆ ಒಂದು ಲೆಕ್ಕದ ಪದ್ಧತಿಯೇ ಇದೆ. ಒಂದೇ ಒಂದು ದೋಷವನ್ನು ಆರಿಸಿಕೊಳ್ಳಬೇಕು. ದಿನಕ್ಕೆ ಎರಡು ಗೆರೆ, ಮಧ್ಯಾಹ್ನಕ್ಕೊಂದು, ರಾತ್ರಿಗೊಂದು. ಎಡವಿದಷ್ಟು ಸಲ ಗೆರೆಯ ಮೇಲೆ ಚುಕ್ಕೆ ಇಡಬೇಕು. ಇಂದಿನ ಸಾಲನ್ನು ನಿನ್ನೆಯದರೊಡನೆ, ಈ ವಾರವನ್ನು ಹೋದ ವಾರದೊಡನೆ ಹೋಲಿಸಬೇಕು. ಅಚ್ಚುಬೆಲ್ಲದ ಲೆಕ್ಕ ಬರೆಯುವ ಪುಸ್ತಕದ ಹಿಂದಿನ ಹಾಳೆಗಳಲ್ಲಿ ನಾನು ಗೆರೆ ಎಳೆದುಕೊಂಡೆ.

ಚುಕ್ಕೆ ಯಾವುದಕ್ಕೆ ಇಡಬೇಕು ಎಂಬುದೇ ನಿಜವಾದ ಕಷ್ಟ. ‘ನನಗೆ ಕೊಡಿ’ ಎಂದದ್ದಕ್ಕೆಲ್ಲ ಇಟ್ಟರೆ ಹಾಳೆ ಸಾಲದು; ಅದು ನ್ಯಾಯವೂ ಅಲ್ಲ. ಬೈಬಲಿನಲ್ಲಿ ಮಾರ್ಕನ ಶುಭಸಂದೇಶದ 10ನೆಯ ಅಧ್ಯಾಯ ನೋಡಿ. ತನ್ನ ಹನ್ನೆರಡು ಶಿಷ್ಯರಲ್ಲಿ ಇಬ್ಬರಾದ ಜೆಬೆದಾಯನ ಮಕ್ಕಳಿಗೂ, ಯೆರಿಕೋವಿನ ದಾರಿ ಬದಿಯಲ್ಲಿ ಕುಳಿತ ಕುರುಡ ಬಾರ್ತಿಮಾಯನಿಗೂ ಯೇಸು ಕೇಳುವುದು ಒಂದೇ ಪ್ರಶ್ನೆ: ನಿಮಗೆ ನನ್ನಿಂದ ಏನಾಗಬೇಕು? ಅವರಿಗೆ ಬೇಕಾದದ್ದು ಯೇಸುವಿನ ಎಡಬಲದ ಆಸನ. ಇವನಿಗೆ ಕಣ್ಣು. ಇಬ್ಬರೂ ಕೇಳಿದ್ದು ತಮಗಾಗಿಯೇ. ಆದರೆ ಬಾರ್ತಿಮಾಯನಿಗೆ ದೃಷ್ಟಿ ಬಂದರೆ ಯಾರೂ ಕುರುಡರಾಗಬೇಕಿಲ್ಲ; ಆಸನ ಸಿಕ್ಕಬೇಕಾದರೆ ಉಳಿದ ಹತ್ತು ಮಂದಿ ಶಿಷ್ಯರು ಹಿಂದೆ ಸರಿಯಬೇಕು. ಅವರು ಸಿಟ್ಟಾದದ್ದೂ ಅದಕ್ಕೇ.

ಹೀಗಾಗಿ ಎರಡು ಬಗೆಯ ಬೇಡಿಕೆಗೆ ಚುಕ್ಕೆ ಇಟ್ಟೆ: ಈಡೇರಿದರೆ ಇನ್ನೊಬ್ಬರಿಗೆ ನಷ್ಟವಾಗುವಂಥದ್ದು, ಮತ್ತು ಈಡೇರಿದ್ದನ್ನು ನಾಲ್ಕು ಜನರಿಗೆ ತೋರಿಸಬೇಕೆನ್ನುವಂಥದ್ದು.

ಎರಡನೆಯದು ಎಲ್ಲೆಲ್ಲಿ ಅಡಗಿತ್ತು ಎನ್ನುತ್ತೀರಿ! ಭಾನುವಾರದ ಬಲಿಪೂಜೆಯಲ್ಲಿ ವಿಶ್ವಾಸಿಗಳ ಪ್ರಾರ್ಥನೆ ಓದುವ ಸರದಿ ಬಂದಾಗ ದೇವರಿಗಿಂತ ಮೈಕಿನ ಕಡೆಗೇ ನನ್ನ ಗಮನ. ಮನೆಮನೆಯ ಜಪಮಾಲೆಯಲ್ಲಿ ‘ಇಂಥವರ ಮನೆಯ ಸಮಾಧಾನಕ್ಕಾಗಿ ಪ್ರಾರ್ಥಿಸೋಣ’ ಎನ್ನುವುದು ಎಷ್ಟೋ ಸಲ ಆ ಮನೆಯ ಜಗಳದ ಸುದ್ದಿ ಬಿತ್ತರಿಸುವ ಭಕ್ತಿಯ ಉಪಾಯ. ಇದರಲ್ಲಿ ನಾನೊಬ್ಬನೇ ಅಲ್ಲ, ನಮ್ಮ ಕೂಟದ ಹಲವರು ಪಳಗಿದವರು. ಮೈಸೂರಿನ ಸಂತ ಫಿಲೋಮಿನಾ ಚರ್ಚಿಗೆ ಹೋದಾಗ ನೆಲಮಾಳಿಗೆಯಲ್ಲಿ ಸಂತಳ ಪ್ರತಿಮೆಯ ಮುಂದೆ ನಿಂತು, ‘ಇದಾದರೆ ಅದು ಕೊಡುತ್ತೇನೆ’ ಎಂದು ಹೇಳುವುದೂ ಗೆರೆಗೆ ಬಂತು. ಹರಕೆಯೆಲ್ಲ ವ್ಯಾಪಾರ ಎಂದು ನಾನು ಹೇಳುವುದಿಲ್ಲ. ನನ್ನವು ಬಹುಮಟ್ಟಿಗೆ ವ್ಯಾಪಾರವೇ ಆಗಿದ್ದವು.

ಮಳೆಯ ಪ್ರಾರ್ಥನೆಗೆ ನೆರವಾದದ್ದು ಅದೇ ಕೈಪಿಡಿಯ ಇನ್ನೊಂದು ಧ್ಯಾನ. ಮೂರು ಬಗೆಯ ಜನ ಹತ್ತು ಸಾವಿರ ದುಕಾಟ್ ನಾಣ್ಯ ಗಳಿಸಿದ್ದಾರೆ. ಗಳಿಸಿದ್ದು ಬರೀ ದೇವರ ಪ್ರೀತಿಗಾಗಿ ಅಲ್ಲ. ಮೊದಲ ಬಗೆಯವರು ಆ ಹಣದ ಮೋಹ ಬಿಡಬೇಕೆನ್ನುತ್ತಲೇ ಸಾಯುವವರೆಗೆ ಏನೂ ಮಾಡುವುದಿಲ್ಲ. ಎರಡನೆಯವರಿಗೆ ಮೋಹ ಹೋಗಬೇಕು, ಹಣ ಮಾತ್ರ ಇರಬೇಕು. ತಾವಿರುವಲ್ಲಿಗೆ ದೇವರೇ ಬರಲಿ ಎನ್ನುವವರು. ಮೂರನೆಯವರು ಇಟ್ಟುಕೊಳ್ಳುವುದನ್ನೂ ಬಿಡುವುದನ್ನೂ ದೇವರ ಚಿತ್ತಕ್ಕೆ ಬಿಟ್ಟವರು. ಓದಿದಾಗ ಎರಡನೆಯ ಗುಂಪಿನಲ್ಲಿ ನನ್ನ ಆಲೆಮನೆಯೂ ಕಾಣಿಸಿತು.

ಈಗ ಮೋಡ ಕವಿದರೆ ಮೊದಲು ಮಾಡುವ ಕೆಲಸ ಸಿಪ್ಪೆಯ ರಾಶಿಗೆ ಟಾರ್ಪಾಲು ಹೊದಿಸುವುದು. ಎಷ್ಟೋ ಬೇಡಿಕೆಗಳು ಅಲ್ಲಿಗೇ ಮುಗಿದುಹೋಗುತ್ತವೆ. ಉಳಿದದ್ದನ್ನು ನೆರೆಯವರ ರಾಗಿಯ ಹೆಸರನ್ನೂ ಸೇರಿಸಿ ಹೇಳುತ್ತೇನೆ. ಹಾಗೆ ಸೇರಿಸಿದಾಗ ‘ಮೋಡ ತಡೆಯಿರಿ’ ಎಂಬ ಮಾತು ಗಂಟಲಿನಿಂದ ಹೊರಡುವುದಿಲ್ಲ. ‘ಒಲೆ ಆರಿದರೂ ಕೂಲಿಯವರಿಗೆ ಕೊಡಲು ದಾರಿ ತೋರಿಸಿ’ ಎಂದಷ್ಟೇ ಬರುತ್ತದೆ.

ಈ ದಾರಿ ಹಿಡಿಯುವವರಿಗೆ ಒಂದು ಎಚ್ಚರಿಕೆ. ಚುಕ್ಕೆ ಎಣಿಸುವುದೇ ಗೀಳಾಗಬಹುದು. ಇಗ್ನೇಷಿಯಸರೇ ಮನ್ರೇಸಾ ಊರಿನಲ್ಲಿದ್ದಾಗ, ಮಾಡಿದ ಪಾಪನಿವೇದನೆ ಸಾಲದೆಂಬ ಶಂಕೆಯಲ್ಲಿ ನರಳಿದವರು. ನನ್ನ ಸಾಲುಗಳು ಚಿಕ್ಕದಾಗುತ್ತಿವೆ ಎಂದು ಫಾದರ್ ಅವರಿಗೆ ಪುಸ್ತಕ ತೋರಿಸಿದೆ. ಅವರು ಹಾಳೆ ತಿರುವಿ, “ಇದನ್ನು ನನಗೆ ತೋರಿಸಿದ್ದಕ್ಕೂ ಒಂದು ಇಡುತ್ತೀರಾ?” ಎಂದು ಕೇಳಿದರು. ಇಟ್ಟೆ.