ಬೀಜದ ಗಿಡ ಆರಿಸಲು ನಮ್ಮ ತೋಟದ ಕಾಫಿ ಎಲೆಯಿಂದ ಡಿಎನ್‌ಎ ತೆಗೆದ ಅನುಭವ

ನಮ್ಮ ತೋಟ ಕೊಡಗಿನ ಮಾದಾಪುರದ ಹತ್ತಿರ. ಗಿಡಗಳಲ್ಲಿ ಹೆಚ್ಚಿನವು ಎಸ್.795 ಅನ್ನುವ ಹಳೇ ಅರೇಬಿಕಾ ತಳಿ. ಬೋರರ್ (ಕಾಂಡ ಕೊರೆಯುವ ಹುಳು) ಹೊಡೆದ ಗಿಡಗಳನ್ನು ಪ್ರತಿ ವರ್ಷ ಕೀಳುತ್ತೇವೆ, ಆ ಜಾಗಕ್ಕೆ ನಮ್ಮದೇ ಬೀಜದ ಸಸಿ ಹಾಕುತ್ತೇವೆ. ಬೀಜಕ್ಕೆ ಅಪ್ಪನಿಗೆ ಇದ್ದದ್ದು ಒಂದೇ ಗಿಡ. ಕಣದ ಕೆಳಗೆ, ಹಲಸಿನ ಮರದ ಪಕ್ಕ ಇರುವಂಥದ್ದು. ಕೊಂಬೆ ನೆಲ ಮುಟ್ಟುವಷ್ಟು ಕಾಯಿ ಬಿಡುತ್ತದೆ. ಆದರೆ ಅದರ ಸಸಿಗಳು ದೊಡ್ಡವಾದ ಮೇಲೆ ಅಕ್ಟೋಬರ್ ಬಂತೆಂದರೆ ಎಲೆ ಉದುರಿಸಿಕೊಂಡು ನಿಲ್ಲುತ್ತಿದ್ದವು. ಎಲೆಯ ಅಡಿಭಾಗ ಸವರಿದರೆ ಬೆರಳಿಗೆ ಕಿತ್ತಳೆ ಬಣ್ಣದ ಹುಡಿ. ಎಲೆ ತುಕ್ಕು ರೋಗ.

ನಾನು ಮೈಸೂರಿನ ಒಂದು ಲ್ಯಾಬಿನಲ್ಲಿ ಗಿಡಗಳ ಡಿಎನ್‌ಎ ಮೇಲೆ ಕೆಲಸ ಮಾಡುತ್ತೇನೆ. ಬೇರೆಯವರ ಗಿಡ ನೋಡುವವನು ನಮ್ಮ ಮನೆಯ ಗಿಡವನ್ನು ಯಾಕೆ ನೋಡಬಾರದು ಅನ್ನಿಸಿತು.

ಎಸ್.795 ತುಕ್ಕನ್ನು ತಡೆಯುವ ಬಲ ಪಡೆದದ್ದು ಲೈಬೀರಿಕಾ ಅನ್ನುವ ಬೇರೆಯೇ ಜಾತಿಯ ಕಾಫಿಯಿಂದ. ಅರೇಬಿಕಾ ಮತ್ತು ಲೈಬೀರಿಕಾ ತಾವಾಗಿಯೇ ಬೆರೆತು ಹುಟ್ಟಿದ ಗಿಡದ ವಂಶ ಎಸ್.288. ಅದನ್ನು ಕೆಂಟ್ಸ್ ಅನ್ನುವ ಅರೇಬಿಕಾ ತಳಿಯ ಜೊತೆ ಕೂಡಿಸಿ, ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1940ರ ದಶಕದಲ್ಲಿ ಎಸ್.795 ಕೊಟ್ಟಿತು. ಲೈಬೀರಿಕಾದಿಂದ ಬಂದ ಆ ಜೀನ್‌ಗೆ ಎಸ್‌ಎಚ್3 ಎಂದು ಹೆಸರು. ಎಸ್.795 ಅಂತ ಕರೆದ ಮಾತ್ರಕ್ಕೆ ಪ್ರತಿ ಗಿಡದಲ್ಲೂ ಆ ಜೀನ್ ಇರಬೇಕೆಂದೇನೂ ಇಲ್ಲ. ಒಂದರಲ್ಲಿ ಎರಡು ಪ್ರತಿ, ಇನ್ನೊಂದರಲ್ಲಿ ಒಂದೇ, ಮತ್ತೊಂದರಲ್ಲಿ ಏನೂ ಇಲ್ಲ. ಮನೆ ಬೀಜದಿಂದ ತಲೆಮಾರು ತಲೆಮಾರು ಸಸಿ ಮಾಡಿದ ನಮ್ಮಂಥ ತೋಟದಲ್ಲಂತೂ ಯಾವ ಗಿಡದಲ್ಲಿ ಏನಿದೆ ಅಂತ ಕಣ್ಣಿಗೆ ಕಾಣುವುದಿಲ್ಲ. ನಾನು ಪತ್ತೆ ಮಾಡಬೇಕಿದ್ದದ್ದು ಇದನ್ನೇ.

ಕಳೆದ ಹತ್ತು ಹನ್ನೆರಡು ವರ್ಷದಲ್ಲಿ ಕಾಫಿಯ ಜೀನೋಮ್, ಅಂದರೆ ಅದರ ಇಡೀ ಡಿಎನ್‌ಎ ಓದುವ ಕೆಲಸ ಬಹಳ ಮುಂದೆ ಹೋಗಿದೆ. 2014ರಲ್ಲಿ ರೋಬಸ್ಟಾದ ಜೀನೋಮ್ ಪ್ರಕಟವಾಯಿತು. 2024ರಲ್ಲಿ ಅರೇಬಿಕಾದ್ದು, ಕ್ರೋಮೋಸೋಮ್ ಮಟ್ಟದಲ್ಲಿ. ಅರೇಬಿಕಾ ಸುಲಭದ ಗಿಡವಲ್ಲ. ರೋಬಸ್ಟಾ ಮತ್ತು ಯೂಜಿನಿಯಾಯಿಡಿಸ್ ಎಂಬ ಕಾಡು ಕಾಫಿ ಬೆರೆತು ಹುಟ್ಟಿದ್ದು. ಅವಕ್ಕೆ 22 ಕ್ರೋಮೋಸೋಮ್, ಇದಕ್ಕೆ 44. ಎರಡೂ ಕಡೆಯ ಡಿಎನ್‌ಎ ಒಂದನ್ನೊಂದು ಹೋಲುತ್ತದೆ, ಬಿಡಿಸಿ ಓದುವುದೇ ಕಷ್ಟ. ಆ ಬೆರಕೆ ನಡೆದದ್ದು 3.5 ಲಕ್ಷದಿಂದ 6.1 ಲಕ್ಷ ವರ್ಷಗಳ ಹಿಂದೆ ಎಂದು 2024ರ ಅಧ್ಯಯನ ಲೆಕ್ಕ ಹಾಕಿದೆ. ಆಮೇಲೆ ಮತ್ತೆ ಮತ್ತೆ ಸಂಖ್ಯೆ ಕುಗ್ಗಿ, ಇವತ್ತಿನ ಅರೇಬಿಕಾದಲ್ಲಿ ವೈವಿಧ್ಯ ಬಹಳ ಕಡಿಮೆ. ಒಂದಕ್ಕೆ ಬಂದ ರೋಗ ಎಲ್ಲಕ್ಕೂ ಬರುವುದು ಇದರಿಂದಲೇ. ಲೈಬೀರಿಕಾದ ಆ ಒಂದು ತುಣುಕು ನಮಗೆ ಎಷ್ಟು ದೊಡ್ಡ ಆಸ್ತಿ, ಅಲ್ವಾ?

ಮೊದಲ ಸಲ 24 ಗಿಡದ ಎಲೆ ಕಿತ್ತೆ. ಚೆನ್ನಾಗಿ ಬಲಿತ, ಹೊಳೆಯುವ ದೊಡ್ಡ ಎಲೆಗಳು. ಪ್ಲಾಸ್ಟಿಕ್ ಕವರಿಗೆ ಹಾಕಿ ಜೀಪಿನಲ್ಲಿ ಇಟ್ಟುಕೊಂಡು ದಿನವಿಡೀ ತಿರುಗಿ, ಮರುದಿನ ಮೈಸೂರಿಗೆ ಒಯ್ದೆ. ಡಿಎನ್‌ಎ ಬೆಳ್ಳಗೆ ಹತ್ತಿಯ ಎಳೆಯ ಹಾಗೆ ಸುರುಳಿ ಸುತ್ತಿಕೊಂಡು ಬರಬೇಕು. ನನ್ನ ಟ್ಯೂಬಿನ ತಳದಲ್ಲಿ ಬೆಲ್ಲದ ಪಾಕದಂತೆ ಕಂದು ಅಂಟು ಕೂತಿತ್ತು. ಡಿಎನ್‌ಎಯ ಬೇಕಾದ ತುಣುಕನ್ನು ನಕಲು ಮಾಡಿ ಹೆಚ್ಚಿಸುವ ಪಿಸಿಆರ್ ಮಾಡಿದರೆ ಒಂದೂ ಬರಲಿಲ್ಲ.

ಕಾಫಿ ಎಲೆಯಲ್ಲಿ ಪಾಲಿಫೀನಾಲ್ ಜಾಸ್ತಿ. ಎಲೆ ಜಜ್ಜಿದ ಕೂಡಲೇ ಅದು ಗಾಳಿ ತಾಗಿ ಕಂದಾಗುತ್ತದೆ, ಡಿಎನ್‌ಎಗೆ ಅಂಟಿಕೊಳ್ಳುತ್ತದೆ. ಬಾಳೆಕಾಯಿ ಹೆಚ್ಚಿಟ್ಟರೆ ಕಪ್ಪಾಗುತ್ತದಲ್ಲ, ಹಾಗೇ. ಎರಡನೇ ಸಲ ಎಲ್ಲ ಬದಲಾಯಿಸಿದೆ. ಕೊಂಬೆಯ ತುದಿಯ ಎಳೆಯ ಎಲೆ ಮಾತ್ರ ಕಿತ್ತೆ. ಕಿತ್ತ ನಿಮಿಷದಲ್ಲೇ ಸಿಲಿಕಾ ಜೆಲ್ ಇರುವ ಪುಟ್ಟ ಕವರಿಗೆ ಹಾಕಿದೆ. ಅದು ಬೇಗ ಒಣಗಿಸುತ್ತದೆ, ಎಲೆ ಹಸಿರಾಗಿಯೇ ಉಳಿಯುತ್ತದೆ. ಲ್ಯಾಬಿನಲ್ಲಿ ದ್ರವ ನೈಟ್ರೋಜನ್ ಸುರಿದು ಹಿಟ್ಟಿನಂತೆ ಅರೆದೆ. ಎಲೆಯ ಕೋಶ ಒಡೆದು ಡಿಎನ್‌ಎ ಹೊರತರುವ ಸಿಟಿಎಬಿ ದ್ರಾವಣಕ್ಕೆ ಪಿವಿಪಿ ಪುಡಿ ಸೇರಿಸಿದೆ. ಪಾಲಿಫೀನಾಲನ್ನು ಹಿಡಿದುಕೊಳ್ಳುವುದು ಅದೇ. ಕಂದಾಗದಂತೆ ತಡೆಯಲು ಸ್ವಲ್ಪ ಮರ್ಕ್ಯಾಪ್ಟೊಎಥನಾಲ್. ಅದರ ವಾಸನೆ ತಡೆಯಲಾಗದು, ಗಾಳಿ ಹೊರಗೆಳೆಯುವ ಹುಡ್ ಒಳಗೇ ಕೆಲಸ ಮಾಡಬೇಕು. 65 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು, ಕ್ಲೋರೋಫಾರ್ಮ್‌ನಲ್ಲಿ ಒಂದಲ್ಲ, ಎರಡು ಸಲ ತೊಳೆದೆ. ತಣ್ಣಗಿನ ಐಸೊಪ್ರೊಪನಾಲ್ ಹಾಕಿ ಟ್ಯೂಬನ್ನು ನಿಧಾನಕ್ಕೆ ಮಗುಚಿದಾಗ, ಮಂಜು ಕಟ್ಟಿದ ಹಾಗೆ ಬಿಳಿ ಎಳೆಗಳು ಎದ್ದು ಬಂದವು. ಅದು ನಮ್ಮ ತೋಟದ ಗಿಡದ್ದು. ಸುಮಾರು ಹೊತ್ತು ಟ್ಯೂಬನ್ನು ಬೆಳಕಿಗೆ ಹಿಡಿದು ನೋಡಿದೆ.

ಎಲೆಗಿಂತ ಲೇಬಲ್ ಮುಖ್ಯ ಅಂತಲೂ ಆಗ ಕಲಿತೆ. ಮೊದಲ ಸಲ ಗಿಡಕ್ಕೆ ಕಟ್ಟಿದ ಕಾಗದದ ಚೀಟಿಗಳು ಜುಲೈ ಮಳೆಗೆ ಕರಗಿ ಹೋಗಿದ್ದವು. ಈಗ ಅಲ್ಯೂಮಿನಿಯಂ ತಗಡಿನ ಮೇಲೆ ಮೊಳೆಯಿಂದ ನಂಬರ್ ಕೊರೆದು ತಂತಿಯಲ್ಲಿ ಕಟ್ಟುತ್ತೇನೆ. ತಂತಿ ಸಡಿಲವಾಗಿರಬೇಕು, ಇಲ್ಲದಿದ್ದರೆ ಕೊಂಬೆ ದಪ್ಪವಾದಾಗ ಕಚ್ಚುತ್ತದೆ.

ಯಾವ ಗಿಡ ಆರಿಸಬೇಕು ಅನ್ನುವುದಕ್ಕೆ ನಮ್ಮಲ್ಲಿ ಮೂವತ್ತು ವರ್ಷದಿಂದ ಚಿಗುರು ತೆಗೆಯುವ ಅಕ್ಕನನ್ನು ಕೇಳಿದೆ. ಅವರು ಮೇಲಿನ ಸಾಲಿನ ಒಂದು ಸಾಧಾರಣ ಗಿಡ ತೋರಿಸಿದರು. "ಇದಕ್ಕೆ ತುಕ್ಕು ಬರಲ್ಲ ಅಣ್ಣಾ. ಮೈಲುತುತ್ತ ಸರಿಯಾಗಿ ತಾಗದ ವರ್ಷವೂ ಎಲೆ ಉದುರಿಲ್ಲ."

ಪರೀಕ್ಷೆಯಲ್ಲಿ ಜೀನನ್ನೇ ನೇರವಾಗಿ ನೋಡುವುದಿಲ್ಲ, ಅದರ ಪಕ್ಕದಲ್ಲಿರುವ ಗುರುತನ್ನು ನೋಡುತ್ತೇವೆ. ಮನೆ ಕಾಣದಿದ್ದರೂ ಮೈಲಿಗಲ್ಲು ಸಿಕ್ಕರೆ ಊರು ಬಂತು ಅಂತ ಗೊತ್ತಾಗುವಂತೆ. ಅಪರೂಪಕ್ಕೆ ಗುರುತು ಮತ್ತು ಜೀನ್ ಬೇರೆಯಾಗಬಹುದು. ಹಾಗಾಗಿ ಒಂದೇ ಗುರುತನ್ನು ನಂಬಲಿಲ್ಲ, ಎರಡು ನೋಡಿದೆ. ಜೀನ್ ಇದೆ ಎಂದು ಮೊದಲೇ ಗೊತ್ತಿರುವ ಗಿಡದ ಡಿಎನ್‌ಎಯನ್ನೂ, ಇಲ್ಲ ಎಂದು ಗೊತ್ತಿರುವ ಗಿಡದ್ದನ್ನೂ ಪಕ್ಕದಲ್ಲೇ ಓಡಿಸಿದೆ. ಅದಿಲ್ಲದೆ ಅರೇಬಿಕಾದ ಪಟ್ಟೆ (ಪರೀಕ್ಷೆಯಲ್ಲಿ ಡಿಎನ್‌ಎ ತುಣುಕುಗಳು ಕಾಣುವ ಗೆರೆ) ಓದಲು ಹೋಗಬೇಡಿ.

ಅಕ್ಕ ತೋರಿಸಿದ ಗಿಡದಲ್ಲಿ ಎರಡು ಪ್ರತಿ. ಅಪ್ಪನ ಗಿಡದಲ್ಲಿ ಒಂದೂ ಇಲ್ಲ.

ಅಪ್ಪನಿಗೆ ಹೇಳುವುದು ಸುಲಭವಾಗಿರಲಿಲ್ಲ. ಜಗಲಿಯಲ್ಲಿ ಕೂತು ಒಂದು ಹಾಳೆಯಲ್ಲಿ ಬರೆದು ತೋರಿಸಿದೆ. ಅರೇಬಿಕಾದಲ್ಲಿ ಹೆಚ್ಚಾಗಿ ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ. ಎರಡು ಪ್ರತಿ ಇದ್ದರೆ ಮಕ್ಕಳಿಗೆಲ್ಲ ಸಿಗುತ್ತದೆ. ಒಂದಿದ್ದರೆ ನಾಲ್ಕರಲ್ಲಿ ಒಂದು ಸಸಿಗೆ ಸಿಗುವುದಿಲ್ಲ. ಇಲ್ಲದಿದ್ದರೆ ಕೊಡುವುದಕ್ಕೆ ಏನೂ ಇಲ್ಲ. ಅಪ್ಪ ಬಹಳ ಹೊತ್ತು ಹಾಳೆ ನೋಡಿದರು. "ಕಾಯಿ ಬಿಡೋದು ಅದಕ್ಕೆ ಬರುತ್ತಲ್ಲ ಮಗಾ, ಅದನ್ನೇನು ಮಾಡ್ತೀಯ?"

ಅದು ಸರಿಯಾದ ಪ್ರಶ್ನೆ. ಇಳುವರಿ ಒಂದು ಜೀನಿನ ಕೆಲಸವಲ್ಲ, ನಾನು ನೋಡಿದ ಗುರುತು ಅದರ ಬಗ್ಗೆ ಏನೂ ಹೇಳುವುದಿಲ್ಲ. ಎಸ್‌ಎಚ್3 ಒಂದನ್ನೇ ನಂಬಿಕೊಂಡು ಕೂರುವಂತೆಯೂ ಇಲ್ಲ. ತುಕ್ಕಿನ ಬೂಷ್ಟಿನಲ್ಲಿ ಅದನ್ನೂ ಮೀರುವ ಬಗೆಗಳು ಬಂದಿವೆ, ಎಸ್.795ಕ್ಕೂ ತುಕ್ಕು ಹತ್ತುವುದನ್ನು ಕೊಡಗಿನಲ್ಲಿ ಎಲ್ಲರೂ ನೋಡಿದ್ದೇವೆ. ಅದಕ್ಕೇ ಈಗ ಸಂಶೋಧಕರು ಎಸ್‌ಎಚ್3 ಜೊತೆಗೆ ಟಿಮೋರ್ ಹೈಬ್ರಿಡ್‌ನಿಂದ (ಅರೇಬಿಕಾ ಮತ್ತು ರೋಬಸ್ಟಾ ತಾವಾಗಿಯೇ ಬೆರೆತ ಗಿಡ) ಬಂದ ಜೀನ್‌ಗಳನ್ನು ಒಂದೇ ಗಿಡದಲ್ಲಿ ಕೂಡಿಸಲು ನೋಡುತ್ತಿರುವುದು. ಗುರುತು ಗೊತ್ತಿದ್ದರೆ ಎರಡೆಲೆಯ ಸಸಿಯಲ್ಲೇ ಆರಿಸಬಹುದು, ಮೂರು ನಾಲ್ಕು ವರ್ಷ ಕಾಯಬೇಕಿಲ್ಲ.

ನಾವು ಎರಡು ಗಿಡಗಳನ್ನು ಕೂಡಿಸುವುದು ಅಂತ ತೀರ್ಮಾನಿಸಿದೆವು. ಹೂಮಳೆ ಬಿದ್ದ ಮೇಲೆ, ಅಪ್ಪನ ಗಿಡದ ಮೊಗ್ಗು ಅರಳುವ ಮುಂಚೆಯೇ ಕೇಸರ ತೆಗೆದು ಕವರ್ ಕಟ್ಟಿದೆ. ಹೂವು ಅರಳಿದ ಬೆಳಿಗ್ಗೆ ಅಕ್ಕನ ಗಿಡದ ಪರಾಗ ಸವರಿದೆ. 60 ಹೂವಿನಲ್ಲಿ 19 ಕಾಯಿ ನಿಂತವು. ಹಣ್ಣಾದ ಮೇಲೆ ಅಪ್ಪನೇ ಬಿಡಿಸಿ, ಬೂದಿ ಹಚ್ಚಿ ನೆರಳಲ್ಲಿ ಒಣಗಿಸಿದರು. ಈಗ ಮಡಿಯಲ್ಲಿ 31 ಸಸಿ ಎದ್ದಿವೆ. ಪ್ರತಿಯೊಂದಕ್ಕೂ ತಗಡಿನ ನಂಬರ್ ಇದೆ, ಕೊರೆದದ್ದು ಅಪ್ಪ.