ಆಗುಂಬೆಗೂ ಚಳ್ಳಕೆರೆಗೂ ಒಂದೇ ಕಲರ್‌ಬಾರ್

ಪೈಥಾನ್‌ನಲ್ಲಿ ಚಿತ್ರ ಬರೆಯುವ ಲೈಬ್ರರಿ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಮಾಡಿದ ನಕ್ಷೆ ತೋರಿಸಿದರೆ ಮೊದಲು ಬರುವ ಪ್ರಶ್ನೆ, 'ಯಾವ ಕಲರ್‌ಮ್ಯಾಪ್ ಹಾಕಿದ್ರಿ?' ಅಂದರೆ ಸಂಖ್ಯೆಗಳಿಗೆ ಹಾಕುವ ಬಣ್ಣಗಳ ಸಾಲು ಯಾವುದು ಅಂತ. ಕರ್ನಾಟಕದ ಮಳೆ ನಕ್ಷೆಗಳನ್ನು ಮಾಡುತ್ತಾ ಮಾಡುತ್ತಾ ನಾನು ಅದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳುವುದನ್ನು ಬಿಟ್ಟೆ. 2017ರಲ್ಲಿ 2.0 ಆವೃತ್ತಿ ಬಂದಾಗಿನಿಂದ ನೇರಳೆಯಿಂದ ಹಳದಿಗೆ ಹೋಗುವ ವಿರಿಡಿಸ್ ತಾನಾಗಿಯೇ ಇರುತ್ತದೆ. ಬಹುತೇಕ ಕೆಲಸಕ್ಕೆ ಅದು ಸಾಕು. ಅದಕ್ಕೂ ಮೊದಲಿದ್ದ ಜೆಟ್ ಮಾತ್ರ ಬೇಡ. ಜೆಟ್ ನಕ್ಷೆಯನ್ನು ಕಪ್ಪು ಬಿಳುಪಿನಲ್ಲಿ ಝೆರಾಕ್ಸ್ ಮಾಡಿಸಿ ನೋಡಿ. ತೀರಾ ಕಡಿಮೆ ಮಳೆಯ ಕಡುನೀಲಿ, ತೀರಾ ಹೆಚ್ಚಿನ ಕಡುಗೆಂಪು, ಎರಡೂ ಒಂದೇ ಥರ ಕಪ್ಪಗೆ ಕಾಣುತ್ತವೆ.

ನಿಜವಾದ ಕೆಲಸ ಇರುವುದು ನಾರ್ಮ್‌ನಲ್ಲಿ. ಯಾವ ಸಂಖ್ಯೆಗೆ ಯಾವ ಬಣ್ಣ ಅಂತ ತೀರ್ಮಾನಿಸುವುದು ಅದು. ನಾವೇನೂ ಹೇಳದಿದ್ದರೆ ಡೇಟಾದ ಕನಿಷ್ಠದಿಂದ ಗರಿಷ್ಠದವರೆಗೆ ಬಣ್ಣ ಸಮನಾಗಿ ಹಂಚಿಕೆಯಾಗುತ್ತದೆ. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿ.ಮೀ. ದಾಟುತ್ತದೆ. ಚಳ್ಳಕೆರೆಯಲ್ಲಿ 500ರ ಆಸುಪಾಸು. ಹಾಗೇ ಬಿಟ್ಟರೆ ಘಟ್ಟದ ಸಾಲು ಮಾತ್ರ ಹೊಳೆಯುತ್ತದೆ, ಬಯಲುಸೀಮೆ ಪೂರ್ತಿ ನೇರಳೆ. 500ಕ್ಕೂ 900ಕ್ಕೂ ವ್ಯತ್ಯಾಸವೇ ಕಾಣುವುದಿಲ್ಲ. ರಾಗಿ ಬಿತ್ತುವವರಿಗೆ ಬೇಕಾದದ್ದು ಆ ವ್ಯತ್ಯಾಸವೇ ಅಲ್ವಾ?

ಸಂಖ್ಯೆಗಳ ಲಾಗರಿದಂ ಪ್ರಕಾರ ಬಣ್ಣ ಹಂಚುವ ಲಾಗ್‌ನಾರ್ಮ್ ಹಾಕಬಹುದು. ಆದರೆ ಅದಕ್ಕೆ ಸೊನ್ನೆ ಆಗಿಬರುವುದಿಲ್ಲ, ಮಳೆಯೇ ಬೀಳದ ಜನವರಿಯ ನಕ್ಷೆಯಲ್ಲಿ ಜಾಗಗಳೇ ಖಾಲಿ ಬೀಳುತ್ತವೆ. ಹಾಗಾಗಿ ನಾನು, ಕೊಟ್ಟ ಗಡಿಗಳ ನಡುವೆ ಒಂದೊಂದೇ ಬಣ್ಣ ಹಾಕುವ ಬೌಂಡರಿನಾರ್ಮ್ ಹಿಡಿದೆ. ವರ್ಷದ ನಕ್ಷೆಗೆ ಗಡಿಗಳು: 400, 600, 800, 1000, 1500, 2500, 4000. ಅದರಾಚೆ, ನಕ್ಷೆಯ ಪಕ್ಕದ ಬಣ್ಣದ ಪಟ್ಟಿಗೆ (ಕಲರ್‌ಬಾರ್) ಎರಡೂ ಕಡೆ ಬಾಣದ ತುದಿ ಬರಲಿ ಅಂತ ಎಕ್ಸ್‌ಟೆಂಡ್ ಆಯ್ಕೆಗೆ 'ಬೋತ್' ಕೊಡುತ್ತೇನೆ. ಕಲರ್‌ಬಾರ್‌ನಲ್ಲಿ ಎಲ್ಲ ಮೆಟ್ಟಿಲೂ ಒಂದೇ ಅಳತೆಗೆ ಬರುತ್ತವೆ. ಅದನ್ನು ಪ್ರಪೋರ್ಷನಲ್ (ಸಂಖ್ಯೆಗಳ ಅಂತರಕ್ಕೆ ತಕ್ಕ ಅಳತೆ) ಮಾಡಲು ಹೋಗಬೇಡಿ, ಕೆಳಗಿನ ಮೆಟ್ಟಿಲುಗಳೆಲ್ಲ ಒತ್ತಿಕೊಂಡು ಓದಲಿಕ್ಕಾಗುವುದಿಲ್ಲ.

ವಾಡಿಕೆ ಮಳೆಗಿಂತ ಶೇಕಡಾ ಎಷ್ಟು ಹೆಚ್ಚು, ಎಷ್ಟು ಕಡಿಮೆ ಅನ್ನುವ ನಕ್ಷೆಯದು ಬೇರೆ ಕಥೆ. ಸೊನ್ನೆಯ ಎರಡು ಬದಿಗೂ ಬೇರೆ ಬೇರೆ ಅಳತೆ ಇಡುವ ಟೂಸ್ಲೋಪ್‌ನಾರ್ಮ್ ಇದಕ್ಕೇ ಇದೆ ಅನ್ನಿಸುತ್ತದೆ. ಕೆಳಗೆ -100, ಮೇಲೆ +300 ಕೊಟ್ಟರೆ -50 ಮತ್ತು +150 ಒಂದೇ ಗಾಢತೆಗೆ ಬಂದು ನಿಲ್ಲುತ್ತವೆ. ನೋಡುವವರಿಗೆ ಇದು ಮೋಸ. ಇಲ್ಲಿ ಹವಾಮಾನ ಇಲಾಖೆಯ ವರ್ಗಗಳನ್ನೇ ಬಳಸುವುದು ವಾಸಿ: -19ರಿಂದ +19 ವಾಡಿಕೆ, -20ರಿಂದ -59 ಕೊರತೆ, -60ರಿಂದ -99 ತೀವ್ರ ಕೊರತೆ, ಮೇಲಕ್ಕೂ ಹಾಗೆಯೇ. ಒಂದು ಸೂಕ್ಷ್ಮ ಇದೆ. ಬೌಂಡರಿನಾರ್ಮ್ ಗಡಿಯ ಮೇಲೇ ಕೂತ ಸಂಖ್ಯೆಯನ್ನು ಮೇಲಿನ ಮನೆಗೆ ಹಾಕುತ್ತದೆ. ಗಡಿ -20 ಅಂತ ಬರೆದರೆ ಸರಿಯಾಗಿ -20 ಇರುವ ತಾಲ್ಲೂಕು ವಾಡಿಕೆ ಬಣ್ಣಕ್ಕೆ ಹೋಗುತ್ತದೆ. ಅದಕ್ಕೇ ಅಂಕಿಗಳನ್ನು ಪೂರ್ಣಾಂಕ ಮಾಡಿಕೊಂಡು, -59.5, -19.5, 19.5, 59.5 ಅಂತ ಗಡಿ ಬರೆಯುತ್ತೇನೆ.

ತಿಂಗಳ ನಕ್ಷೆಗಳನ್ನು ಪಕ್ಕಪಕ್ಕ ಇಡುವಾಗ ಎಲ್ಲಕ್ಕೂ ಒಂದೇ ನಾರ್ಮ್. ಅದರಲ್ಲಿ ಚರ್ಚೆಯೇ ಇಲ್ಲ.

ಇನ್ನು ಡೇಟಾ ಬಾರದ ತಾಲ್ಲೂಕುಗಳು. ನಕ್ಷೆಯ ಡೇಟಾ ನೋಡಿಕೊಳ್ಳುವ ಪೈಥಾನ್ ಲೈಬ್ರರಿ ಜಿಯೋಪಾಂಡಾಸ್ ಅವನ್ನು ಸುಮ್ನೆ ಬರೆಯದೇ ಬಿಟ್ಟುಬಿಡುತ್ತದೆ, ಹಿಂದಿನ ಬಿಳಿ ಕಾಣುತ್ತದೆ. ಕೆಂಪಿನಿಂದ ನೀಲಿಗೆ ಹೋಗುವ ಆರ್‌ಡಿಬಿಯು ಕಲರ್‌ಮ್ಯಾಪ್‌ನಲ್ಲಿ ನಡುವಿನ ಬಣ್ಣವೂ ಹೆಚ್ಚುಕಡಿಮೆ ಬಿಳಿಯೇ. ಮಳೆಮಾಪಕ ಕೆಟ್ಟಿರುವ ತಾಲ್ಲೂಕು 'ವಾಡಿಕೆ ಮಳೆ' ಆಗಿ ಕೂತಿರುತ್ತದೆ. ಡೇಟಾ ಇಲ್ಲದ ಜಾಗಕ್ಕೆಂದೇ ಇರುವ ಮಿಸ್ಸಿಂಗ್ ಕೆಡಬ್ಲ್ಯುಡಿಎಸ್ (missing_kwds) ಆಯ್ಕೆಯಲ್ಲಿ ಬೂದು ಬಣ್ಣ ಕೊಟ್ಟು, ಮೇಲೆ ಓರೆ ಗೆರೆ ಎಳೆಸಿ. ಝೆರಾಕ್ಸ್‌ನಲ್ಲೂ ಗೊತ್ತಾಗುತ್ತದೆ.